ಕೆರೆಗೆ ಕುತ್ತಾದ ಪರದೇಶಿ ಮೀನು

ಆಫ್ರಿಕನ್ ಕ್ಯಾಟ್‌ಫಿಶ್ ಹೊಳೆ ಸೇರಿದರೆ ಹಿಡಿಯುವವರಿಲ್ಲ. ತಡೆಯುವ ಜಾಗ ರೈತನ ಹೊಂಡವೇ

ಮೈಸೂರಿನ ಒಂಟಿಕೊಪ್ಪಲ್ ಎಂಬ ಹೆಸರನ್ನು ಕೇಳದ ರೈತ ಹಳೇ ಮೈಸೂರು ಸೀಮೆಯಲ್ಲಿ ಅಪರೂಪ. ಆ ಬಡಾವಣೆಯನ್ನು ಕಣ್ಣಾರೆ ಕಾಣದವರ ಮನೆಯಲ್ಲೂ ಒಂಟಿಕೊಪ್ಪಲ್ ಪಂಚಾಂಗ ಇರುತ್ತದೆ. ಭರಣಿ ಮಳೆ ಎಂದು, ರೋಹಿಣಿ ಎಂದು, ಆರಿದ್ರೆ ಎಂದು ಎಂಬುದನ್ನು ಅದರಲ್ಲಿ ನೋಡಿಕೊಂಡು ನೇಗಿಲು ಹೂಡುವ ವಾಡಿಕೆ ನಮ್ಮದು.

ಈ ಮಳೆ ಲೆಕ್ಕ ಬಿತ್ತನೆಗೆ ಮಾತ್ರವಲ್ಲ, ಮೀನಿಗೂ ಅನ್ವಯಿಸುತ್ತದೆ. ಮುಂಗಾರಿನ ಹೊಸ ನೀರು ಕೆರೆಗೆ ಇಳಿದೊಡನೆ ಮೀನುಗಳು ಆಳ ಬಿಟ್ಟು ಅಂಚಿಗೆ ಬರುತ್ತವೆ. ಹುಲ್ಲು ಮುಳುಗಿದ ತೆಳುನೀರು, ನೀರು ನಿಂತ ಗದ್ದೆ, ಕಾಲುವೆಯ ಬಾಯಿ ಇವೇ ಅವುಗಳ ಬಾಣಂತಿ ಕೋಣೆಗಳು. ಕೊರಮೀನು, ಚೇಳುಮೀನು, ನಾಟಿ ಮಾಗುರ್, ಹತ್ತಾರು ಬಗೆಯ ಸಣ್ಣ ಗೆಂಡೆಗಳು ಅಲ್ಲಿ ಮೊಟ್ಟೆಯಿಟ್ಟು ವಂಶ ಬೆಳೆಸುತ್ತವೆ. ಕಪ್ಪೆಗಳದೂ ಅದೇ ಕಾಲ, ಅದೇ ಸ್ಥಳ.

ಆದರೆ ಸುಮಾರು ಮೂರು ದಶಕಗಳಿಂದ ಈ ಹೊಸ ನೀರಿನಲ್ಲಿ ಕರೆಯದೆ ಬಂದ ನೆಂಟನೊಬ್ಬ ಸೇರಿಕೊಂಡಿದ್ದಾನೆ. ಅವನೇ ಆಫ್ರಿಕನ್ ಕ್ಯಾಟ್‌ಫಿಶ್. ಮುಂಗಾರಿನ ಅದೇ ಮಳೆಗೆ ಅವನೂ ಅಂಚಿಗೆ ಬರುತ್ತಾನೆ, ಅಲ್ಲೇ ಮೊಟ್ಟೆಯಿಡುತ್ತಾನೆ. ಜೊತೆಗೆ ಅಲ್ಲಿರುವ ಇತರರ ಮೊಟ್ಟೆ ಮರಿಗಳನ್ನೂ ನುಂಗುತ್ತಾನೆ. ಈ ಮೀನನ್ನು ಹತೋಟಿಗೆ ತರುವುದು ಹೇಗೆ, ಅದರಲ್ಲಿ ರೈತರ ಪಾತ್ರವೇನು ಎಂಬುದನ್ನು ವಿಚಾರ ಮಾಡಬೇಕಾದ ಕಾಲ ಬಂದಿದೆ.

ಬಂದದ್ದು ಎಲ್ಲಿಂದ?

ಹೆಸರೇ ಹೇಳುವಂತೆ ಇದರ ತವರು ಆಫ್ರಿಕ ಖಂಡ. ಅಲ್ಲಿನ ನೈಲ್ ನದಿಯಿಂದ ಹಿಡಿದು ದಕ್ಷಿಣದ ಆರೆಂಜ್ ನದಿಯವರೆಗೆ ಇದು ಸಹಜವಾಗಿ ಬದುಕುವ ಮೀನು. ತವರಿನಲ್ಲಿ ಇದನ್ನು ತಿನ್ನುವ ಮೊಸಳೆ, ಹಕ್ಕಿ, ದೊಡ್ಡ ಮೀನುಗಳೂ ಇವೆ; ಇದರ ಬೇಟೆಯಿಂದ ತಪ್ಪಿಸಿಕೊಳ್ಳಲು ಕಲಿತ ಮೀನುಗಳೂ ಇವೆ. ಆದ್ದರಿಂದ ಅಲ್ಲಿ ಇದು ಪಿಡುಗಲ್ಲ.

ಸಾಕಣೆಗೆಂದು ಈ ಮೀನನ್ನು ಏಷ್ಯದ ದೇಶಗಳಿಗೆ ತಂದರು. ಥಾಯ್ಲೆಂಡಿನಿಂದ ಬಾಂಗ್ಲಾದೇಶಕ್ಕೆ, ಅಲ್ಲಿಂದ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದು, 1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಸರ್ಕಾರದ ಅನುಮತಿಯಿಂದ ಬಂದದ್ದಲ್ಲ. ಮರಿ ಮಾರುವವರ ಡಬ್ಬಗಳಲ್ಲಿ ಕದ್ದು ಬಂದದ್ದು. ಉತ್ತರ ಭಾರತದ ಮಾರುಕಟ್ಟೆಗಳಲ್ಲಿ ಇದನ್ನು ‘ಥಾಯ್ ಮಾಗುರ್’ ಎಂದು ಕರೆಯುವುದಕ್ಕೆ ಈ ದಾರಿಯೇ ಕಾರಣ.

ಇದರ ಹಾನಿಯನ್ನು ಮನಗಂಡು ಕೇಂದ್ರ ಕೃಷಿ ಮಂತ್ರಾಲಯವು 1997ರ ಡಿಸೆಂಬರ್‌ನಲ್ಲೇ ಇದರ ಸಾಕಣೆಯನ್ನು ನಿಲ್ಲಿಸಿ ಇರುವ ದಾಸ್ತಾನನ್ನು ನಾಶಪಡಿಸುವಂತೆ ರಾಜ್ಯಗಳಿಗೆ ಸೂಚಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಈ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಇಷ್ಟಾದರೂ ಕಳ್ಳ ಸಾಕಣೆ ನಿಂತಿಲ್ಲ. ಬೆಂಗಳೂರಿನ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಅಧಿಕಾರಿಗಳು ಇಂಥ ಹೊಂಡಗಳನ್ನು ಮುಚ್ಚಿಸಿದ ವರದಿಗಳು ಮತ್ತೆ ಮತ್ತೆ ಬಂದಿವೆ.

ಆಸೆಗೆ ಕಾರಣ

ನಿಷೇಧವಿದ್ದೂ ಕೆಲವರು ಇದನ್ನು ಸಾಕುವುದೇಕೆ? ಕಾರಣ ಸ್ಪಷ್ಟ. ಇದು ಬಹು ಬೇಗ ಬೆಳೆಯುವ ಮೀನು. ಆರು ತಿಂಗಳೊಳಗೆ ಒಂದು ಕಿಲೋ ಮುಟ್ಟುತ್ತದೆ. ಕೊಳಕು ನೀರಾದರೂ ಸರಿ, ನೀರಿನಲ್ಲಿ ಪ್ರಾಣವಾಯು ತೀರ ಕಡಿಮೆಯಾದರೂ ಸರಿ, ಇದು ಸಾಯುವುದಿಲ್ಲ. ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವೂ ಇದಕ್ಕಿದೆ. ಹೀಗಾಗಿ ಸಣ್ಣ ಗುಂಡಿಯಲ್ಲಿ ಸಾವಿರಾರು ಮೀನುಗಳನ್ನು ಕಿಕ್ಕಿರಿದು ತುಂಬಬಹುದು. ಕೋಳಿ ಅಂಗಡಿ, ಕಸಾಯಿಖಾನೆಗಳ ತ್ಯಾಜ್ಯವನ್ನು ಸುರಿದರೂ ತಿಂದು ಕೊಬ್ಬುತ್ತದೆ. ಮೇವಿನ ಖರ್ಚು ಇಲ್ಲದಂತೆಯೇ ಆಯಿತು.

ಸಾಕುವವನಿಗೆ ಲಾಭವಾಗಿ ಕಾಣುವ ಈ ಗುಣಗಳೇ ಕೆರೆ ಹೊಳೆಗಳ ಪಾಲಿಗೆ ಶಾಪ. ಕೊಳಕಿಗೆ ಜಗ್ಗದ ಮೀನು ಕೆರೆಯ ಕೊಳಕಿಗೂ ಜಗ್ಗುವುದಿಲ್ಲ. ಎಲ್ಲವನ್ನೂ ತಿನ್ನುವ ಮೀನು ಕೆರೆಯಲ್ಲಿರುವ ಎಲ್ಲವನ್ನೂ ತಿನ್ನುತ್ತದೆ. ನೀರಿಲ್ಲದೆಯೂ ಹಲವು ಗಂಟೆ ಬದುಕುವ ಮೀನು, ಮಳೆಯ ರಾತ್ರಿ ತೇವದ ನೆಲದ ಮೇಲೆ ಎದೆಯ ರೆಕ್ಕೆಯ ಮುಳ್ಳನ್ನು ಊರುತ್ತ ಒಂದು ಹೊಂಡದಿಂದ ಇನ್ನೊಂದಕ್ಕೆ ತೆವಳಿಕೊಂಡು ಹೋಗುತ್ತದೆ. ಬೇಲಿ ಹಾರುವ ದನವನ್ನು ಕಟ್ಟಬಹುದು. ಏರಿ ದಾಟುವ ಮೀನನ್ನು ಕಟ್ಟುವುದು ಹೇಗೆ?

ಇದು ತಿನ್ನುವುದೇನು?

ಇದರ ಬಾಯಿಗೆ ಇಂಥದೇ ಬೇಕೆಂಬ ನಿಯಮವಿಲ್ಲ. ಹುಳು, ಸಿಗಡಿ, ಬಸವನಹುಳು, ಕಪ್ಪೆ, ಗೊದಮೊಟ್ಟೆ, ಮೀನುಮರಿ, ದೊಡ್ಡ ಮೀನು, ಕೊಳೆತ ಹೆಣ ಎಲ್ಲವೂ ಆಹಾರವೇ. ದೊಡ್ಡದಾಗಿ ಬೆಳೆದ ಮೀನು ನೀರುಹಕ್ಕಿಯ ಮರಿಗಳನ್ನೂ ಎಳೆದುಕೊಳ್ಳುತ್ತದೆ. ಬೇಟೆಯಾಡುವುದು ಹೆಚ್ಚಾಗಿ ರಾತ್ರಿ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿದ್ದು, ಕತ್ತಲೆಯಲ್ಲೂ ಕೆಸರು ನೀರಿನಲ್ಲೂ ಅವುಗಳಿಂದ ತಡಕಿ ಬೇಟೆಯನ್ನು ಪತ್ತೆಹಚ್ಚುತ್ತದೆ.

ಅನುಕೂಲವಾದ ನೀರು ಸಿಕ್ಕರೆ ಇದು ಒಂದೂವರೆ ಮೀಟರಿಗೂ ಮಿಕ್ಕಿ ಉದ್ದ, 60 ಕಿಲೋವರೆಗೂ ತೂಕ ಬೆಳೆದ ದಾಖಲೆಯಿದೆ. ಅಷ್ಟು ದೊಡ್ಡದನ್ನು ನುಂಗಬಲ್ಲ ಹಕ್ಕಿಯಾಗಲಿ ಮೀನಾಗಲಿ ನಮ್ಮ ಕೆರೆಗಳಲ್ಲಿ ಇಲ್ಲ. ಒಂದು ಹೆಣ್ಣು ಮೀನು ಒಮ್ಮೆಗೆ ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ಆ ಮೊಟ್ಟೆಗಳು ಒಡೆಯಲು ಒಂದೆರಡು ದಿನ ಸಾಕು.

ಹಾಗಾದರೆ ನಮ್ಮ ಕೊರಮೀನು, ಬಾಳೆಮೀನುಗಳೂ ಬೇಟೆಗಾರರೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಅವೂ ಮಾಂಸಾಹಾರಿಗಳೇ. ಆದರೆ ಅವು ಈ ನೀರಿನಲ್ಲಿ ಲಕ್ಷಾಂತರ ವರ್ಷ ಬಾಳಿ ಬಂದವು. ಅವುಗಳ ಲೆಕ್ಕ ಇತರ ಮೀನುಗಳ ಲೆಕ್ಕದೊಂದಿಗೆ ಹೊಂದಿಕೊಂಡಿದೆ. ಕೊರಮೀನು ಮೊಟ್ಟೆಯೊಡೆದ ಮರಿಗಳ ಗುಂಪನ್ನು ತಾಯಿತಂದೆ ಎರಡೂ ಕಾಯುವುದನ್ನು ಹಳ್ಳಿಯ ಹುಡುಗರೂ ಕಂಡಿರುತ್ತಾರೆ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಾಣುತ್ತಿದ್ದರೆ ಕೆಳಗೆ ಹೆತ್ತವು ಕಾವಲಿರುತ್ತವೆ. ಹೆತ್ತವು ಎಷ್ಟೇ ಕಾದರೂ, ರಾತ್ರಿ ಹೊತ್ತು ನಾಲ್ಕೈದು ಕಿಲೋ ತೂಗುವ ಪರದೇಶಿ ಮೀನೊಂದು ಅದೇ ಅಂಚಿಗೆ ನುಗ್ಗಿದರೆ ಆ ಕಾವಲು ನಡೆಯದು. ಮನೆಯ ಬೆಕ್ಕು ಇಲಿ ಹಿಡಿಯುವುದು ಬೇರೆ, ಕೋಳಿಗೂಡಿಗೆ ಚಿರತೆ ನುಗ್ಗುವುದು ಬೇರೆ.

ಹಿಂದಿನ ಪಾಠಗಳು

ಹೊರಗಿನ ಜೀವಿಯನ್ನು ತಂದು ಬಿಟ್ಟು ಆಮೇಲೆ ಪೇಚಾಡುವುದು ಇದೇ ಮೊದಲಲ್ಲ. ಮಲೇರಿಯ ಸೊಳ್ಳೆಯ ಮರಿಗಳನ್ನು ತಿನ್ನಲಿ ಎಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯ ಎಂಬ ಪುಟ್ಟ ಮೀನನ್ನು ಭಾರತಕ್ಕೆ ತರಲಾಯಿತು. ಅದರ ಮೂಲ ಅಮೆರಿಕ. ಬೆರಳುದ್ದವೂ ಇಲ್ಲದ ಈ ಮೀನು ಸೊಳ್ಳೆಮರಿಯ ಜೊತೆಗೆ ಇತರ ಮೀನುಗಳ ಮೊಟ್ಟೆ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ ಎಂಬುದು ತಡವಾಗಿ ಅರಿವಾಯಿತು. ಸೊಳ್ಳೆಮರಿಯನ್ನು ತಿನ್ನುವ ನಾಟಿ ಮೀನುಗಳು ನಮ್ಮಲ್ಲೇ ಬೇಕಾದಷ್ಟಿದ್ದವು.

1952ರಲ್ಲಿ ತಿಲಾಪಿಯ ಬಂದಿತು. ನಮ್ಮ ಸಂತೆಗಳಲ್ಲಿ ‘ಜಿಲೇಬಿ ಮೀನು’ ಎಂದರೆ ಇದೇ. ವರ್ಷಕ್ಕೆ ಹಲವು ಬಾರಿ ಮರಿ ಮಾಡುವ ಈ ಮೀನು ಕೆರೆ ತುಂಬಿಕೊಂಡು, ಬಿತ್ತನೆ ಮಾಡಿದ ಗೆಂಡೆಗಳು ಬೆಳೆಯಲು ಬಿಡದೆ, ತಾನೂ ದೊಡ್ಡದಾಗದೆ ಉಳಿದ ಅನುಭವ ಅನೇಕ ಊರುಗಳದು. ಇಂದು ಅದನ್ನು ಕೆರೆಗಳಿಂದ ತೆಗೆಯಬೇಕೆಂದರೆ ಯಾರಿಂದಲೂ ಸಾಧ್ಯವಿಲ್ಲ.

ಒಳ್ಳೆಯ ಉದ್ದೇಶದಿಂದ ಬಿಟ್ಟ ಮೀನೂ ಕೆಡುಕು ಮಾಡಬಹುದು. ಕಾವೇರಿಯ ಬೆನ್ನುಗೂನಿನ ಮಹಶೀರ್ ಜಗತ್ತಿನಲ್ಲಿ ಕಾವೇರಿ ಜಲಾನಯನದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಮೀನಿನ ಹೊಳೆಗೆ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವೃದ್ಧಿಗೆಂದು ತಂದು ಬಿಟ್ಟರು. ಅಣೆಕಟ್ಟು, ಮರಳು ಗಣಿ, ಸಿಡಿಮದ್ದಿನ ಬೇಟೆಗಳ ಜೊತೆಗೆ ಈ ಪೈಪೋಟಿಯೂ ಸೇರಿ ನಾಟಿ ಮಹಶೀರ್ ಅಳಿವಿನ ಅಂಚಿಗೆ ಬಂದಿತು. 2018ರಲ್ಲಿ ವಿಜ್ಞಾನಿಗಳು ಅದರ ಶಾಸ್ತ್ರೀಯ ಹೆಸರನ್ನು ಖಚಿತಪಡಿಸುವ ವೇಳೆಗೆ ಅದು ತೀವ್ರ ಅಪಾಯದ ಪಟ್ಟಿಗೆ ಸೇರುವ ಸ್ಥಿತಿ ಒದಗಿತ್ತು.

ಹೊರದೇಶದ ನಿದರ್ಶನ ಬೇಕೆಂದರೆ ಆಫ್ರಿಕದ ವಿಕ್ಟೋರಿಯ ಸರೋವರವಿದೆ. 1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ದೊಡ್ಡ ಬೇಟೆ ಮೀನನ್ನು ಬಿಟ್ಟರು. 1980ರ ದಶಕದಲ್ಲಿ ಅದು ವಿಪರೀತ ಹೆಚ್ಚಿತು. ಬೇರೆಲ್ಲೂ ಇಲ್ಲದ ಸುಮಾರು 200 ಜಾತಿಯ ಸಣ್ಣ ಮೀನುಗಳು ಅಲ್ಲಿಂದ ಮಾಯವಾದವೆಂದು ತಜ್ಞರ ಅಂದಾಜು. ಮೀನು ರಫ್ತಿನಿಂದ ಹಣ ಬಂದುದು ನಿಜ. ಕಳೆದುಹೋದ ಜಾತಿಗಳು ಯಾವ ಹಣಕ್ಕೂ ಹಿಂದಿರುಗವು. ಇಲಿ, ಕಾಡುಕೀರ ಮೊದಲಾದ ಪರದೇಶಿ ಪ್ರಾಣಿಗಳಿಂದ ತನ್ನ ಹಾರಲಾರದ ಹಕ್ಕಿಗಳನ್ನು ಉಳಿಸಿಕೊಳ್ಳಲು ನ್ಯೂಜಿಲೆಂಡ್ ದೇಶ 2016ರಲ್ಲಿ ಮಹಾ ಯೋಜನೆಯೊಂದನ್ನು ಕೈಗೊಂಡಿತು. ಅದಕ್ಕೆ ಇಟ್ಟುಕೊಂಡಿರುವ ಗಡುವು 2050. ಬಿಡುವುದು ಒಂದು ದಿನದ ಕೆಲಸ, ತೆಗೆಯುವುದು ತಲೆಮಾರಿನ ಕೆಲಸ.

ಹಕ್ಕಿಗಳ ಅನ್ನದ ಪ್ರಶ್ನೆ

ಒಂಟಿಕೊಪ್ಪಲಿಗೆ ಒಂದೆರಡು ಮೈಲಿ ದೂರದಲ್ಲಿ ಕುಕ್ಕರಹಳ್ಳಿ ಕೆರೆಯಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜಮೀನುಗಳಿಗೆ ನೀರುಣಿಸಲೆಂದು ಕಟ್ಟಿಸಿದ ಈ ಕೆರೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಹಕ್ಕಿಗಳ ತಾಣವಾಗಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿಗಳನ್ನು ಬೆಳಗಿನ ವಾಯುವಿಹಾರಕ್ಕೆ ಬಂದವರು ನಿತ್ಯ ನೋಡುತ್ತಾರೆ. 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯೂ ಇಂಥದೇ ತಾಣ.

ಈ ಹಕ್ಕಿಗಳು ಒಂದೇ ಕೆರೆಯನ್ನು ನಂಬಿ ಬದುಕುವವಲ್ಲ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ಗೂಡು ಕಟ್ಟಿದ ಹಕ್ಕಿ, ಮರಿಗೆ ಆಹಾರ ಹುಡುಕುತ್ತ ಸುತ್ತಲಿನ ಕೆರೆ ಗದ್ದೆಗಳಿಗೆಲ್ಲ ಹಾರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಬಳಸುವುದು ಆ ಊರಿನವರ ಹಳೆಯ ಪದ್ಧತಿ. ಹಕ್ಕಿ ತಂದ ಗೊಬ್ಬರದ ಮೂಲ ಕೆರೆಯ ಸಣ್ಣ ಮೀನೇ.

ಹಕ್ಕಿಯ ಗಂಟಲಿಗೆ ಹಿಡಿಸುವುದು ಬೆರಳುದ್ದ, ಗೇಣುದ್ದದ ಮೀನುಗಳು. ಪರದೇಶಿ ಬೇಟೆಗಾರ ಅವನ್ನೆಲ್ಲ ತಿಂದು ತಾನೊಬ್ಬನೇ ದೊಡ್ಡದಾಗಿ ಉಳಿದರೆ ಕೆರೆಯಲ್ಲಿ ಮೀನಿದ್ದೂ ಹಕ್ಕಿಗೆ ಉಪವಾಸ. ರಾಜಸ್ಥಾನದ ಭರತ್‌ಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಇದೇ ಆಗಿದೆ. ಜಗತ್ಪ್ರಸಿದ್ಧವಾದ ಆ ಹಕ್ಕಿಧಾಮದ ನೀರಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿ, ಅದನ್ನು ಬಲೆ ಹಾಕಿ ಹಿಡಿದು ತೆಗೆಯುವ ಕೆಲಸವನ್ನು ಅಧಿಕಾರಿಗಳು ಕೈಗೊಳ್ಳಬೇಕಾಯಿತು.

ರೈತನಿಗೂ ನಷ್ಟ ಕಡಿಮೆಯಲ್ಲ. ಕೆರೆಯ ಮೀನು ಪಾಶುವಾರನ್ನು ಹಿಡಿದ ಸಹಕಾರ ಸಂಘ ಸಾವಿರಾರು ರೂಪಾಯಿ ತೆತ್ತು ಬಿಟ್ಟ ಬಿತ್ತನೆ ಮರಿಗಳು ಇದರ ಹೊಟ್ಟೆ ಸೇರುತ್ತವೆ. ಗದ್ದೆಯ ಕಪ್ಪೆ ಕಡಿಮೆಯಾದರೆ ಬೆಳೆಯ ಹುಳು ತಿನ್ನುವ ಕೈಯೊಂದು ಕಡಿಮೆಯಾದಂತೆ.

ಗುರುತಿಸುವುದು ಹೇಗೆ?

ನಾಟಿ ಮಾಗುರ್ ಕೂಡ ಮೀಸೆಯ ಮೀನೇ, ಗಾಳಿ ಉಸಿರಾಡುವ ಮೀನೇ. ಅದು ತಾನೇ ಅಪಾಯದಲ್ಲಿರುವ ಜಾತಿ. ಆದ್ದರಿಂದ ಕಳ್ಳನನ್ನು ಹೊಡೆಯಲು ಹೋಗಿ ಮನೆಯವನನ್ನು ಹೊಡೆಯದಂತೆ ಗುರುತು ತಿಳಿದಿರುವುದು ಅವಶ್ಯ.

ಗಾತ್ರವೇ ಮೊದಲ ಗುರುತು. ನಾಟಿ ಮಾಗುರ್ ಸಾಮಾನ್ಯವಾಗಿ ಒಂದು ಅಡಿ ಆಸುಪಾಸಿನ ಮೀನು. ಎರಡು ಕಿಲೋ ದಾಟಿದ ಮೀನನ್ನು ತೋರಿಸಿ ಮಾಗುರ್ ಎಂದು ಯಾರಾದರೂ ಹೇಳಿದರೆ ಅದು ನಾಟಿಯಲ್ಲ. ಎರಡನೆಯದು ಬಣ್ಣ. ನಾಟಿಯದು ಕಂದು ಅಥವಾ ಕಪ್ಪುಮಿಶ್ರಿತ ಒಂದೇ ಛಾಯೆ. ಆಫ್ರಿಕದ್ದರ ಬೂದು ಮೈಮೇಲೆ ಅಮೃತಶಿಲೆಯಲ್ಲಿರುವಂತೆ ಕಲೆಗಳು ಹರಡಿರುತ್ತವೆ, ಹೊಟ್ಟೆ ಬಿಳಿ. ಮೂರನೆಯದು ತಲೆ. ಎರಡರದೂ ಚಪ್ಪಟೆ ತಲೆ. ಆದರೆ ತಲೆಬುರುಡೆ ಮುಗಿದು ಬೆನ್ನು ಮೊದಲಾಗುವ ಕಡೆ ನಾಟಿಯಲ್ಲಿ ಒಂದೇ ಚೂಪು ಮೂಲೆ ಕಾಣುತ್ತದೆ, ಆಫ್ರಿಕದ್ದರಲ್ಲಿ ಮೂರು ಏಣುಗಳಾಗಿ ಕಾಣುತ್ತದೆ. ಮರಿಗಳಲ್ಲಿ ಈ ವ್ಯತ್ಯಾಸ ಸುಲಭವಾಗಿ ತಿಳಿಯದು. ಅನುಮಾನ ಬಂದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಒಂದು ಮೀನನ್ನು ಒಯ್ದು ತೋರಿಸುವುದು ಒಳ್ಳೆಯದು.

ತಡೆಯುವ ಜಾಗ ಯಾವುದು?

ಇದು ಗಮನಿಸತಕ್ಕ ಮುಖ್ಯ ಅಂಶ. ಹೊಳೆ ಸೇರಿದ ಮೀನನ್ನು ಮತ್ತೆ ತೆಗೆಯುವ ಉಪಾಯ ಇಂದಿಗೂ ಯಾರ ಬಳಿಯೂ ಇಲ್ಲ. ದೊಡ್ಡ ಕೆರೆಯಲ್ಲಿ ಕಡಿಮೆ ಮಾಡಬಹುದು, ಪೂರ್ತಿ ತೆಗೆಯುವುದು ಕಷ್ಟ. ಪೂರ್ತಿ ನಿರ್ನಾಮ ಮಾಡಲು ಸಾಧ್ಯವಿರುವುದು ಹೊಂಡದಲ್ಲಿ ಮಾತ್ರ.

ಮೈಸೂರು ನಗರ ಎರಡು ಜಲಾನಯನಗಳ ದಿಣ್ಣೆಯ ಮೇಲಿದೆ. ಉತ್ತರಕ್ಕೆ ಬಿದ್ದ ನೀರು ಕಾವೇರಿಗೆ, ದಕ್ಷಿಣಕ್ಕೆ ಬಿದ್ದ ನೀರು ಕಬಿನಿಗೆ. ಹೊಂಡ ತುಂಬಿ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆ ಕೋಡಿ ಬಿದ್ದು ಹೊಳೆಗೆ ಎಂಬ ಸರಪಳಿ ಎಲ್ಲ ಊರಿಗೂ ಇದೆ. 2018ರ ಕೇರಳದ ಮಹಾಪೂರದಲ್ಲಿ ಸಾಕಣೆ ಹೊಂಡಗಳು ಕೊಚ್ಚಿಹೋಗಿ ಅರಪೈಮ, ಅಲಿಗೇಟರ್ ಗಾರ್ ಮೊದಲಾದ ಪರದೇಶಿ ಬೇಟೆ ಮೀನುಗಳು ಹೊಳೆ ಹಿನ್ನೀರುಗಳಲ್ಲಿ ಕಾಣಿಸಿಕೊಂಡವು. ಒಂದು ರಾತ್ರಿಯ ಮಳೆ ಹತ್ತು ವರ್ಷದ ಎಚ್ಚರಿಕೆಯನ್ನು ಅಳಿಸಬಲ್ಲದು. ಆಫ್ರಿಕನ್ ಕ್ಯಾಟ್‌ಫಿಶ್ ಕಾವೇರಿ ಜಲಾನಯನದಲ್ಲಿ ಈಗಾಗಲೇ ದಾಖಲಾಗಿದೆ. ಆದರೆ ಅದು ಮುಟ್ಟದ ಕೆರೆ ಕಟ್ಟೆಗಳು ಇನ್ನೂ ಇವೆ. ಉಳಿಸಿಕೊಳ್ಳಬೇಕಾದದ್ದು ಅವನ್ನು.

ಹೊಂಡದಲ್ಲಿ ಕೈಗೊಳ್ಳಬೇಕಾದ ಕ್ರಮ

ಕೃಷಿಹೊಂಡದಲ್ಲಿ ಈ ಮೀನು ಕಂಡುಬಂದರೆ ಬೇಸಿಗೆಯೇ ಸುಸಮಯ. ರೋಹಿಣಿ ಮಳೆಗೆ ಮೊದಲೇ ಕೆಲಸ ಮುಗಿಯಬೇಕು.

ಮೊದಲಿಗೆ ನೀರನ್ನು ಪೂರ್ತಿ ಖಾಲಿ ಮಾಡಬೇಕು. ಪಂಪಿನ ಬಾಯಿಗೂ ನೀರು ಹೊರಹೋಗುವ ಬಾಯಿಗೂ ಸಣ್ಣ ಕಣ್ಣಿನ ಬಲೆ ಕಟ್ಟುವುದನ್ನು ಮರೆಯಬಾರದು. ಆ ನೀರನ್ನು ಹಳ್ಳಕ್ಕೆ ಬಿಡದೆ ತೋಟಕ್ಕೆ ಹಾಯಿಸುವುದು ಕ್ಷೇಮ. ಸಿಕ್ಕ ಮೀನುಗಳನ್ನೆಲ್ಲ ಹಿಡಿದು ಕೊಂದು, ಸುಣ್ಣ ಹಾಕಿ ಆಳವಾದ ಗುಂಡಿಯಲ್ಲಿ ಹೂಳಬೇಕು. ಜೀವಂತ ಸಾಗಿಸುವುದಾಗಲಿ, ಕರುಣೆಯಿಂದ ಪಕ್ಕದ ಕಟ್ಟೆಗೆ ಬಿಡುವುದಾಗಲಿ ಸಲ್ಲದು.

ನೀರು ಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ಮೀನು ಹಸಿ ಕೆಸರಿನಲ್ಲಿ ಹುದುಗಿ ಕುಳಿತು ಬದುಕುತ್ತದೆ. ತಳದ ಹೂಳನ್ನು ಎತ್ತಿ, ನೆಲ ಬಿರುಕು ಬಿಡುವವರೆಗೆ ಬಿಸಿಲಿಗೆ ಒಣಗಿಸಬೇಕು. ಆಮೇಲೆ ಎಕರೆಗೆ ಸುಮಾರು 100 ಕಿಲೋ ಪ್ರಮಾಣದಲ್ಲಿ ಸುಣ್ಣ ಎರಚಬೇಕು. ಎತ್ತಿದ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ. ಪ್ಲಾಸ್ಟಿಕ್ ಹಾಸಿದ ಹೊಂಡಗಳಲ್ಲಿ ಕೆಸರು ಕಡಿಮೆಯಾದ್ದರಿಂದ ಕೆಲಸ ಇನ್ನೂ ಸುಲಭ.

ನೀರನ್ನು ಪೂರ್ತಿ ಖಾಲಿ ಮಾಡಲು ಆಗದ ಹೊಂಡಕ್ಕೆ ಹಿಪ್ಪೆ ಹಿಂಡಿಯನ್ನು ಬಳಸುವ ಹಳೆಯ ಕ್ರಮವಿದೆ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,500 ಕಿಲೋ ಇದರ ಪ್ರಮಾಣ. ಅಂದರೆ ಹತ್ತು ಗುಂಟೆಯ, ಒಂದು ಮೀಟರ್ ಆಳದ ಹೊಂಡಕ್ಕೆ ಸುಮಾರು 250 ಕಿಲೋ. ಹಿಂಡಿಯನ್ನು ನೀರಿನಲ್ಲಿ ನೆನೆಹಾಕಿ ಹೊಂಡದ ತುಂಬ ಸಮನಾಗಿ ಎರಚಬೇಕು. ಇದರಲ್ಲಿರುವ ಸಪೋನಿನ್ ಎಂಬ ಅಂಶ ಮೀನಿನ ರಕ್ತಕ್ಕೆ ಮಾರಕ. ಎರಡು ಮೂರು ವಾರಗಳಲ್ಲಿ ಅದರ ವಿಷ ಇಳಿದು ಹಿಂಡಿ ಗೊಬ್ಬರವಾಗುತ್ತದೆ. ಅಲ್ಲಿಯವರೆಗೆ ಮರಿ ಬಿಡಬಾರದು, ದನಕರುಗಳಿಗೆ ಆ ನೀರು ಕುಡಿಸಬಾರದು, ನೀರು ಹೊರಗೆ ಹರಿಯಲೂ ಬಿಡಬಾರದು. ಗಾಳಿ ಉಸಿರಾಡುವ ಮೀನು ಇತರ ಮೀನುಗಳಷ್ಟು ಬೇಗ ಸಾಯುವುದಿಲ್ಲವಾದ್ದರಿಂದ ಹಿಂಡಿ ಹಾಕಿದ ಮೇಲೂ ಬಲೆ ಎಳೆದು ನೋಡಬೇಕು.

ಮತ್ತೆ ಬಾರದಂತೆ ತಡೆಯಲು ಹೊಂಡದ ಏರಿ ತುಂಬು ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಮೇಲಿರಬೇಕು. ಒಳಬರುವ ಮತ್ತು ಹೊರಹೋಗುವ ಕಾಲುವೆಗಳಿಗೆ ಜಾಲರಿ ಹಾಕಬೇಕು. ಸುತ್ತಲೂ ನೆಲಕ್ಕೆ ಹೂತು ಮೊಣಕಾಲೆತ್ತರದ ಬಲೆ ಕಟ್ಟಿದರೆ ತೆವಳಿ ಬರುವ ಮೀನಿಗೂ ತಡೆ, ಹಾವಿಗೂ ತಡೆ.

ಊರ ಕೆರೆಯಲ್ಲಿ ಏನು ಮಾಡಬೇಕು?

ಹೊಂಡಕ್ಕೆ ಹೇಳಿದ ಹಿಪ್ಪೆ ಹಿಂಡಿಯನ್ನಾಗಲಿ ಬೇರೆ ಯಾವ ವಿಷವನ್ನಾಗಲಿ ಊರ ಕೆರೆಗೆ ಹಾಕಲೇಬಾರದು. ಅದು ಒಳ್ಳೆಯ ಮೀನು ಕೆಟ್ಟ ಮೀನು ಎಂದು ಆರಿಸಿ ಕೊಲ್ಲುವುದಿಲ್ಲ. ಉಳಿಸಬೇಕೆಂದು ಹೊರಟ ನಾಟಿ ಮೀನುಗಳೇ ಮೊದಲು ಸಾಯುತ್ತವೆ. ಸಾರ್ವಜನಿಕ ನೀರಿಗೆ ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಹೇಳಿತ್ತು.

ಕೆರೆಯಲ್ಲಿ ಉಳಿದಿರುವುದು ಬಲೆ ಮತ್ತು ಗಾಳಗಳ ದಾರಿ. ನೀರು ಇಳಿದು ಕೆರೆಯ ನಡುಗುಂಡಿಯಲ್ಲಿ ಮಾತ್ರ ನಿಂತಿರುವ ಚೈತ್ರ ವೈಶಾಖದಲ್ಲಿ ಮೀನೆಲ್ಲ ಒಂದೆಡೆ ಸೇರಿರುತ್ತದೆ. ಆಗ ಪಾಶುವಾರು ಹಿಡಿದ ಸಂಘದವರು, ಪಂಚಾಯತಿಯವರು, ಇಲಾಖೆಯವರು ಕೂಡಿ ಒಂದೆರಡು ದಿನ ಸತತವಾಗಿ ಬಲೆ ಎಳೆದರೆ ದೊಡ್ಡ ಮೀನುಗಳನ್ನು ತೆಗೆಯಬಹುದು. ನಾಟಿ ಮೀನುಗಳನ್ನು ಮರಳಿ ನೀರಿಗೆ ಬಿಡಬೇಕು. ರಾತ್ರಿ ವೇಳೆ ಕೋಳಿಯ ಕರುಳು ಸಿಕ್ಕಿಸಿದ ಸಾಲುಗಾಳಗಳನ್ನು ಕಟ್ಟುವುದರಿಂದಲೂ ಇವು ಸಿಕ್ಕುತ್ತವೆ. ಗಬ್ಬದ ಹೆಣ್ಣು ಮೀನೊಂದನ್ನು ಮುಂಗಾರಿಗೆ ಮುಂಚೆ ತೆಗೆದರೆ ಆ ವರ್ಷದ ಸಾವಿರಾರು ಮರಿಗಳನ್ನು ತೆಗೆದಂತೆ. ಒಂದು ವರ್ಷ ಮಾಡಿ ಬಿಟ್ಟರೆ ಫಲವಿಲ್ಲ. ಹೊಲದ ಕಳೆಯಂತೆ ಪ್ರತಿ ವರ್ಷ ಕೀಳುತ್ತಿರಬೇಕು.

ಕೋಳಿ ಅಂಗಡಿಯ ತ್ಯಾಜ್ಯವನ್ನು ಕೆರೆಗೆ ಸುರಿಯುವುದನ್ನು ನಿಲ್ಲಿಸುವುದು ಅಷ್ಟೇ ಮುಖ್ಯ. ಕೊಳಕು ಹೆಚ್ಚಿ ಪ್ರಾಣವಾಯು ಕಡಿಮೆಯಾದ ನೀರಿನಲ್ಲಿ ಸೂಕ್ಷ್ಮವಾದ ನಾಟಿ ಮೀನುಗಳು ಸೋಲುತ್ತವೆ, ಗಾಳಿ ಉಸಿರಾಡುವ ಪರದೇಶಿ ಗೆಲ್ಲುತ್ತದೆ. ಕೆರೆ ಚೊಕ್ಕಟವಾಗಿದ್ದರೆ ಅರ್ಧ ಯುದ್ಧ ಗೆದ್ದಂತೆ.

ನಗರದವರ ಪಾಲೂ ಇದರಲ್ಲಿದೆ. ಗಾಜಿನ ತೊಟ್ಟಿಯ ಮೀನು ಬೆಳೆದು ಬೇಸರವಾದಾಗ ಅದನ್ನು ಹತ್ತಿರದ ಕೆರೆಗೋ ಕಲ್ಯಾಣಿಗೋ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಒಂದು ಮೀನಿಗೆ ತೋರಿದ ಆ ಕರುಣೆ ಕೆರೆಯ ಸಾವಿರ ಮೀನುಗಳಿಗೆ ಕಂಟಕವಾಗಬಹುದು. ಬೇಡವಾದ ಮೀನನ್ನು ಮಾರಿದ ಅಂಗಡಿಗೇ ಹಿಂದಿರುಗಿಸುವುದು ಸರಿಯಾದ ಮಾರ್ಗ.

ಬದಲಿಗೆ ಏನು ಸಾಕಬಹುದು?

ಮೀನು ಸಾಕಣೆ ಬೇಡವೆಂದು ಈ ಲೇಖನದ ಅರ್ಥವಲ್ಲ. ಹೊಂಡವಿರುವ ರೈತನಿಗೆ ಅದು ಒಳ್ಳೆಯ ಉಪಕಸುಬು. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಒಟ್ಟಿಗೆ ಬಿಡುವ ಮಿಶ್ರ ತಳಿ ಸಾಕಣೆ ಎಲ್ಲರಿಗೂ ತಿಳಿದದ್ದೇ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದಕ್ಕೊಂದು ಅಡ್ಡಿಯಿಲ್ಲ. ಇವೂ ಗಂಗಾ ಬಯಲಿನ ಕಡೆಯಿಂದ ನಮ್ಮಲ್ಲಿಗೆ ಬಂದವು ಎಂಬುದು ನಿಜ. ಆದರೆ ಇವು ಬೇಟೆಯಾಡುವ ಮೀನುಗಳಲ್ಲ, ನಿಂತ ನೀರಿನ ಹೊಂಡದಲ್ಲಿ ತಾವಾಗಿ ಮರಿ ಮಾಡಿ ತುಂಬಿಕೊಳ್ಳುವುದೂ ಇಲ್ಲ. ಎಕರೆಗೆ ಸುಮಾರು 2,000 ಬಲಿತ ಬಿತ್ತನೆ ಮರಿಗಳಂತೆ, ಹತ್ತು ಗುಂಟೆಗೆ 500 ಮರಿಗಳು ಸಾಕು. ನಾಲ್ಕು ಅಂಗುಲ ಉದ್ದದ ಮರಿಗಳಾದರೆ ಸಾಯುವುದು ಕಡಿಮೆ.

ಮೀಸೆ ಮೀನಿಗೇ ಬೆಲೆ ಹೆಚ್ಚು ಎನ್ನುವವರು ನಾಟಿ ಮಾಗುರ್ ಅಥವಾ ಕೊರಮೀನು ಸಾಕಣೆಯ ಬಗ್ಗೆ ಇಲಾಖೆಯಲ್ಲಿ ವಿಚಾರಿಸಬಹುದು. ಇವೆರಡರ ಮರಿ ಉತ್ಪಾದನೆಯ ವಿಧಾನವನ್ನು ನಮ್ಮ ಸಂಶೋಧನಾ ಸಂಸ್ಥೆಗಳು ರೂಪಿಸಿವೆ. ಬೆಳವಣಿಗೆ ಸ್ವಲ್ಪ ನಿಧಾನವಾದರೂ ಮಾರುಕಟ್ಟೆಯಲ್ಲಿ ಬೆಲೆ ಚೆನ್ನಾಗಿದೆ.

ಮರಿ ಕೊಳ್ಳುವಾಗ ಎಚ್ಚರಿಕೆ ಇರಲಿ. ಊರೂರು ತಿರುಗಿ ಡಬ್ಬದಲ್ಲಿ ಮರಿ ಮಾರುವವರನ್ನು ನಂಬದೆ, ಇಲಾಖೆಯ ಮೀನುಮರಿ ಪಾಲನಾ ಕೇಂದ್ರದಿಂದಲೋ ನೋಂದಾಯಿತ ಕೇಂದ್ರದಿಂದಲೋ ಕೊಳ್ಳಬೇಕು. ರಶೀದಿಯಲ್ಲಿ ಮೀನಿನ ಜಾತಿಯನ್ನು ಬರೆಸಿಕೊಳ್ಳಬೇಕು. ಮರಿಗಳ ನಡುವೆ ಮೀಸೆಯ ಮರಿ ಕಂಡರೆ ಅದನ್ನು ಮೊದಲು ಬೇರ್ಪಡಿಸಬೇಕು.

ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿ ಕೆರೆಗಳಿವೆಯೆಂಬ ಲೆಕ್ಕವಿದೆ. ಇಷ್ಟು ಕೆರೆಗಳಿಗೆ ಕಾವಲಿಡಲು ಯಾವ ಇಲಾಖೆಯಿಂದಲೂ ಸಾಧ್ಯವಿಲ್ಲ. ಹೊಂಡವುಳ್ಳ ರೈತನೇ ಆ ಕಾವಲುಗಾರ. ತನ್ನ ಹೊಂಡದಲ್ಲಿ ಈ ಮೀನಿಲ್ಲವೆಂದು ಖಾತರಿ ಮಾಡಿಕೊಂಡು, ಪಕ್ಕದವನ ಹೊಂಡದಲ್ಲಿದ್ದರೆ ತಿಳಿಹೇಳಿ, ಕೇಳದಿದ್ದರೆ ಇಲಾಖೆಗೆ ತಿಳಿಸುವಷ್ಟು ಮಾಡಿದರೆ ಸಾಕು. ನಾಟಿ ಬಿತ್ತನೆ ಕಾಳನ್ನು ಮಡಕೆಯಲ್ಲಿಟ್ಟು ಜೋಪಾನ ಮಾಡಿದ ನಮ್ಮ ಹಿರಿಯರು ಕೆರೆಯ ನಾಟಿ ಮೀನಿಗೆ ಬೇರೆ ಜೋಪಾನ ಬೇಕೆಂದು ಎಣಿಸಿರಲಿಲ್ಲ. ಇಂದು ಬೇಕಾಗಿದೆ. ಬರುವ ಬೇಸಿಗೆಯಲ್ಲಿ ಹೊಂಡದ ನೀರು ಇಳಿದಾಗ ಒಮ್ಮೆ ಬಲೆ ಎಳೆದು ನೋಡುವುದರಿಂದಲೇ ಈ ಕೆಲಸವನ್ನು ಪ್ರಾರಂಭಿಸಬಹುದು.